ಬಿರುಗಾಳಿಗೆ ಮುಂಚೆ ಬರೆದಿಡತಕ್ಕ ಕಾಗದ

ಪ್ರವಾದಿಯಾದ ಎಲೀಯನು ಅರಣ್ಯದಲ್ಲಿ ಗಿಡದ ಕೆಳಗೆ ಕುಳಿತು ಮರಣವನ್ನು ಬೇಡಿಕೊಂಡ ಸಂಗತಿಯನ್ನು ನಾವು ಪಾಠಶಾಲೆಯಲ್ಲಿ ಓದಿದ್ದೇವೆ. ದೇವದೂತನು ಅವನನ್ನು ಗದರಿಸಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಬಾಳು ಬೇಡವೆನ್ನುವವರಿಗೆ ಮೊದಲು ಬೇಕಾದದ್ದು ಉಪದೇಶವಲ್ಲ, ಆಸರೆ.

ಸಾಯಬೇಕೆಂಬ ಆಲೋಚನೆಯು ಅನೇಕರಲ್ಲಿ ಬಿರುಗಾಳಿಯಂತೆ ಏರಿ ಇಳಿಯುವದು. ಅದು ಏರಿದಾಗ ಬುದ್ಧಿಯು ಮಂಕಾಗಿ, ಸಹಾಯಕರು ಯಾರೆಂಬದೂ ನೆನಪಿಗೆ ಬಾರದು. ಆದಕಾರಣ ಮನಸ್ಸು ತಿಳಿಯಾಗಿರುವಾಗಲೇ ಒಂದು ಕಾಗದವನ್ನು ಬರೆದಿಡುವ ಕ್ರಮವನ್ನು ಅಮೇರಿಕೆಯ ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದರು. ಇದಕ್ಕೆ ಸುರಕ್ಷತಾ ಯೋಜನೆಯೆಂದು ಹೆಸರು. ಬಲ್ಲವರೊಬ್ಬರು ಜೊತೆಯಲ್ಲಿ ಕುಳಿತು, ಕ್ಲೇಶಪಡುವವಳ ಸ್ವಂತ ಮಾತುಗಳಲ್ಲಿಯೇ ಇದನ್ನು ಬರೆಯಿಸಬೇಕು. ಇದರ ಮೆಟ್ಟಲುಗಳು ಆರು:

1. ಅಪಾಯದ ಮುಂಗುರುತುಗಳು. "ನಿದ್ರೆ ಬಾರದು, ನಾನು ಎಲ್ಲರಿಗೂ ಭಾರವೆನ್ನಿಸುವದು" ಎಂಬಂಥವು.
2. ಒಬ್ಬಳೇ ಇರುವಾಗ ಮನಸ್ಸನ್ನು ತಿರುಗಿಸುವ ಕೆಲಸಗಳು. ಹೊಲಿಗೆ, ಹಾಡು, ಗಿಡಗಳಿಗೆ ನೀರೆರೆಯುವದು ಮುಂತಾದವು.
3. ಮನಸ್ಸು ಹಗುರಾಗುವ ಜನರೂ ಸ್ಥಳಗಳೂ.
4. ಕಷ್ಟವನ್ನು ಬಿಚ್ಚಿ ಹೇಳತಕ್ಕ ಆಪ್ತರು.
5. ವೈದ್ಯರೂ ಸಹಾಯವಾಣಿಯೂ.
6. ಅಪಾಯಕರ ವಸ್ತುಗಳನ್ನು ಮನೆಯವರು ಕೈಗೆಟುಕದಂತೆ ಮಾಡುವದು.

ಮುಂಗುರುತನ್ನು ಸಕಾಲದಲ್ಲಿ ಕಾಣುವದು ಹೇಗೆ? ಇಲ್ಲಿ ಸಾವಧಾನದ ಅಭ್ಯಾಸವು ನೆರವಾಗುವದು. ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬವರು ಖಿನ್ನತೆಯು ಮರುಕಳಿಸದಂತೆ 8 ವಾರಗಳ ಪಾಠಕ್ರಮವನ್ನು ರಚಿಸಿ, 2002ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಉಸಿರಾಟವನ್ನು ಗಮನಿಸುತ್ತಾ ಕುಳಿತು, ಆಲೋಚನೆ ಬಂದರೆ ಅದರೊಡನೆ ಹೋರಾಡದೆ, ಅದರ ಹಿಂದೆಯೂ ಹೋಗದೆ, "ಇದು ಆಲೋಚನೆಯೇ ಹೊರತು ಸತ್ಯವಲ್ಲ" ಎಂದು ಕಂಡು ಉಸಿರಿಗೆ ಮರಳುವದೇ ಇದರ ತಿರುಳು. ಮುಂದೆ ಇದನ್ನೂ ಸುರಕ್ಷತಾ ಯೋಜನೆಯನ್ನೂ ಜೋಡಿಸಲಾಯಿತು. ಇದನ್ನು ಬಲ್ಲ ಗುರುವಿನಿಂದಲೇ ಕಲಿಯಬೇಕು. ಗಾಳಿಯು ಜೋರಾದಾಗ ಕಣ್ಣುಮುಚ್ಚಿ ಒಬ್ಬಳೇ ಕುಳಿತಿರಲಾಗದು. ಕಾಗದವನ್ನು ತೆಗೆದು, ಅದರಲ್ಲಿರುವವರನ್ನು ಕರೆಯಬೇಕು.

ಮಾತಾಪಿತೃಗಳೇ, "ಸಾಯುವ ಯೋಚನೆ ಬಂದಿದೆಯೇ, ಮಗಳೇ?" ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವದೆಂಬ ಭಯ ಬೇಡ. ಮೆಲ್ಲಗೆ, ನೇರವಾಗಿ ಕೇಳಿರಿ. ಉತ್ತರವನ್ನು ಕೇಳಿ ಸಿಟ್ಟಾಗಬೇಡಿರಿ. ಅಪಾಯವು ಸಮೀಪವೆಂದು ಕಂಡರೆ ಅವಳನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿ ದೊರೆಯುವದು.

2018ರಲ್ಲಿ ಪ್ರಕಟವಾದ ಅಮೇರಿಕೆಯ ಒಂದು ಪರಿಶೋಧನೆಯಲ್ಲಿ, ತುರ್ತು ಚಿಕಿತ್ಸೆಗೆ ಬಂದ ಮಾಜಿ ಸೈನಿಕರಿಗೆ ಈ ಕಾಗದವನ್ನು ಬರೆಯಿಸಿ, ಆಮೇಲೆಯೂ ದೂರವಾಣಿಯಲ್ಲಿ ವಿಚಾರಿಸುತ್ತಿದ್ದರು. ವಾಡಿಕೆಯ ಉಪಚಾರವನ್ನು ಮಾತ್ರ ಪಡೆದವರಿಗಿಂತ ಇವರಲ್ಲಿ 6 ತಿಂಗಳೊಳಗೆ ಆತ್ಮಹತ್ಯೆಗೆ ಸಂಬಂಧಿಸಿದ ಕೃತ್ಯಗಳು ನೂರಕ್ಕೆ 45ರಷ್ಟು ಕಡಿಮೆಯಾಗಿದ್ದವು. ಬರೆಯಿಸಿದರೆ ಸಾಲದು, ಮತ್ತೆ ವಿಚಾರಿಸಬೇಕು. ದೇವದೂತನು ಎಲೀಯನ ಬಳಿಗೆ ಎರಡನೆಯ ಸಾರಿಯೂ ಬಂದನಲ್ಲವೇ?