ಯೂಸ್ ಆ್ಯಂಡ್ ಥ್ರೋ ವೇಪ್ ನಿಂತಿತು, ಸೇದುವವರು ಏನು ಮಾಡಬೇಕು?

2025ರ ಜೂನ್ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಕಡೆ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ (ಇ-ಸಿಗರೇಟುಗಳ) ಮಾರಾಟಕ್ಕೆ ನಿಷೇಧ ಬಂದಿದೆ. ಅಲ್ಲಿರುವ ಕನ್ನಡಿಗರು ಮತ್ತು ಇಲ್ಲಿರುವ ಅವರ ಮನೆಯವರು ಕೇಳಿದ ಕೆಲವು ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ನಾನು ಲೆಸ್ಟರ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನಿಷೇಧಕ್ಕೆ ಮುಂಚೆ ಕೊಂಡ ವೇಪ್‌ಗಳು ನನ್ನ ಹತ್ತಿರ ಇನ್ನೂ ಉಳಿದಿವೆ. ಸಿಕ್ಕಿಬಿದ್ದರೆ ವೀಸಾಕ್ಕೆ ತೊಂದರೆ ಆಗುತ್ತದೆಯೇ? ಇನ್ನೊಂದು ವಿಷಯ. ನಮ್ಮ ಬೀದಿಯ ಅಂಗಡಿಯವ ಅದೇ ಬಣ್ಣ, ಅದೇ ರುಚಿಯ ವೇಪನ್ನು ಈಗಲೂ ಮಾರುತ್ತಾನೆ. 'ಇದಕ್ಕೆ ಚಾರ್ಜಿಂಗ್ ಇದೆ, ಲೀಗಲ್' ಅನ್ನುತ್ತಾನೆ. ನಂಬಬಹುದೇ ಸರ್?

ವೀಸಾದ ಚಿಂತೆ ಬೇಡ. ನಿಷೇಧ ಇರುವುದು ವ್ಯಾಪಾರದ ಮೇಲೆ: ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಮಾರುವಂತಿಲ್ಲ, ಮಾರಲೆಂದು ಇಟ್ಟುಕೊಳ್ಳುವಂತೆಯೂ ಇಲ್ಲ. ಸ್ವಂತಕ್ಕೆ ಇಟ್ಟುಕೊಂಡವರ ಮೇಲೆ, ಸೇದಿದವರ ಮೇಲೆ ಕೇಸೇ ಇಲ್ಲ.

ಅಂಗಡಿಯವನ ಮಾತು ಮಾತ್ರ ಅರ್ಧ ಸತ್ಯ. ಚಾರ್ಜ್ ಮಾಡಲು ಬಂದರೆ ಸಾಲದು, ರೀಫಿಲ್ ಮಾಡಲೂ ಬರಬೇಕು. ಅಂದರೆ ಟ್ಯಾಂಕಿಗೆ ನೀವೇ ದ್ರವ ತುಂಬಿಸುವಂತಿರಬೇಕು, ಇಲ್ಲವೇ ಖಾಲಿಯಾದ ಪಾಡ್ (ದ್ರವದ ಪುಟ್ಟ ಡಬ್ಬಿ) ತೆಗೆದು ಹೊಸದು ಹಾಕುವಂತಿರಬೇಕು. ಒಳಗೆ ದ್ರವ ಕಾಯಿಸುವ ಕಾಯಿಲ್ ಇದ್ದರೆ ಅದನ್ನೂ ಬದಲಿಸಲು ಆಗಬೇಕು. ಈ ಮಾತುಗಳಲ್ಲಿ ಒಂದು ತಪ್ಪಿದರೂ ಅದು ಯೂಸ್ ಆ್ಯಂಡ್ ಥ್ರೋ ಲೆಕ್ಕಕ್ಕೇ ಬರುತ್ತದೆ. ನಿಕೋಟಿನ್ ಇಲ್ಲದ್ದಕ್ಕೂ ಇದೇ ನಿಯಮ.

ಡಬ್ಬಿಯ ಮೇಲಿನ ಬರಹ ಓದುತ್ತಾ ನಿಲ್ಲಬೇಡಿ. 'ಇದರ ಪಾಡ್ ಮಾತ್ರ ಬೇಕು, ಕೊಡಿ' ಎಂದು ಕೇಳಿ ನೋಡಿ. ಕಪಾಟಿನಿಂದ ತೆಗೆದು ಕೊಟ್ಟರೆ ಸರಿ. 'ಪಾಡ್ ಸ್ಟಾಕ್ ಇಲ್ಲ, ಹೊಸ ಸೆಟ್ಟೇ ತಗೊಳ್ಳಿ, ರೇಟೂ ಅಷ್ಟೇ' ಎಂದರೆ, ಚಾರ್ಜಿಂಗ್ ತೂತು ಕೊರೆದ ಹಳೆಯ ಮಾಲನ್ನೇ ನಿಮ್ಮ ಕೈಗೆ ಹಾಕುತ್ತಿದ್ದಾನೆ ಎಂದು ತಿಳಿಯಿರಿ. ಇಂಗ್ಲೆಂಡಿನಲ್ಲಿ ಮೊದಲ ಸಲ ಸಿಕ್ಕಿಬಿದ್ದ ಅಂಗಡಿಗೆ 200 ಪೌಂಡ್ ದಂಡ, ಮತ್ತೆ ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು. 200 ಪೌಂಡಿಗೆ ಹೆದರುವ ವ್ಯಾಪಾರಿ ಕಡಿಮೆ ಎಂಬುದು ನನ್ನ ಅನಿಸಿಕೆ. ಹಾಗಾಗಿ ಕಳ್ಳ ಮಾಲು ನಿಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅದರ ಅಪಾಯ ಬೇರೆಯದು. ಕಾನೂನಿನ ಪ್ರಕಾರ ಟ್ಯಾಂಕ್ 2 ಮಿ.ಲೀ. ಮೀರಬಾರದು, ನಿಕೋಟಿನ್ ಪ್ರತಿ ಮಿ.ಲೀ.ಗೆ 20 ಮಿ.ಗ್ರಾಂ. ದಾಟಬಾರದು. ಕಳ್ಳ ಮಾಲಿನಲ್ಲಿ ಎಷ್ಟಿದೆ ಎಂದು ಯಾರೂ ಅಳೆದು ನೋಡಿರುವುದಿಲ್ಲ. ದೂರು ಕೊಡಬೇಕೆನಿಸಿದರೆ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿಗೆ ಹೇಳಿ. ಅವರು ಅಂಗಡಿಗಳ ತಪಾಸಣೆ ನಡೆಸುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ಮುಟ್ಟಿಸುತ್ತಾರೆ.

ಬರ್ಮಿಂಗ್‌ಹ್ಯಾಮ್‌ನ ಕೇರ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತೇನೆ. ವರ್ಷಗಟ್ಟಲೆ ಸೇದಿದ ಸಿಗರೇಟನ್ನು ಬಿಟ್ಟಿದ್ದು ಈ ವೇಪ್‌ನಿಂದಲೇ. ಈಗ ನಮ್ಮ ಯಜಮಾನರು, 'ಸರ್ಕಾರವೇ ಬ್ಯಾನ್ ಮಾಡಿದೆ ಅಂದರೆ ಸಿಗರೇಟಿಗಿಂತ ಕೆಟ್ಟದ್ದೇ ಇರಬೇಕು' ಅನ್ನುತ್ತಾರೆ. ಪಾಡ್ ವೇಪ್ ದುಬಾರಿ ಅಂತಲೂ ಕೇಳಿದೆ. ಹೇಗೆ ಮಾಡಲಿ?

ಮೇಡಂ, ಸಿಗರೇಟಿಗೆ ಮಾತ್ರ ವಾಪಸ್ ಹೋಗಬೇಡಿ. ಉಳಿದಿದ್ದೆಲ್ಲ ಆಮೇಲಿನ ಮಾತು.

ನಿಮ್ಮ ಯಜಮಾನರ ಹಾಗೆ ಯೋಚಿಸುವವರು ಬಹಳ ಮಂದಿ. ಈ ನಿಷೇಧವನ್ನು ಯಾವ ಕಾಯ್ದೆಯ ಅಡಿ ತಂದರು ಎಂದು ನೋಡಿದರೆ ಗೊಂದಲ ತಿಳಿಯಾಗುತ್ತದೆ: 1990ರ ಪರಿಸರ ಸಂರಕ್ಷಣಾ ಕಾಯ್ದೆ. ಇದು ಮೂಲತಃ ಕಸದ ಕಾನೂನು. ಮೆಟೀರಿಯಲ್ ಫೋಕಸ್ ಎಂಬ ಸಂಸ್ಥೆಯ 2023ರ ಅಂದಾಜಿನಂತೆ ಬ್ರಿಟನ್ನಿನಲ್ಲಿ ವಾರಕ್ಕೆ ಸುಮಾರು 50 ಲಕ್ಷ ವೇಪ್‌ಗಳು ಕಸಕ್ಕೆ ಬೀಳುತ್ತಿದ್ದವು. ಒಂದೊಂದರಲ್ಲೂ ಲಿಥಿಯಂ ಬ್ಯಾಟರಿ, ತಾಮ್ರ, ಪ್ಲಾಸ್ಟಿಕ್. ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನೇ ಒಳಗಿಟ್ಟು, ಚಾರ್ಜ್ ಮಾಡಲು ದಾರಿಯಿಲ್ಲದಂತೆ ಮುಚ್ಚಿ ಮಾರುತ್ತಿದ್ದ ವೇಪ್‌ಗಳೂ ಇದ್ದವು. ಅಗ್ಗದ, ಬಣ್ಣಬಣ್ಣದ ಈ ವೇಪ್‌ಗಳಿಗೆ ಶಾಲಾ ಮಕ್ಕಳು ಮರುಳಾಗುತ್ತಿದ್ದಾರೆ ಎಂಬುದನ್ನೂ ಸರ್ಕಾರ ಕಾರಣವಾಗಿ ಕೊಟ್ಟಿತು, ನಿಜ. ಆದರೆ ವೇಪ್ ಸೇದುವುದನ್ನು ಅದು ನಿಷೇಧಿಸಿಲ್ಲ. ಸಿಗರೇಟಿಗಿಂತ ವೇಪ್‌ನ ಹಾನಿ ಬಹಳ ಕಡಿಮೆ, ಹಾಗೆಂದು ಹಾನಿಯೇ ಇಲ್ಲವೆಂದಲ್ಲ, ಸಿಗರೇಟು ಸೇದದವರೂ ಮಕ್ಕಳೂ ಅದರ ಹತ್ತಿರ ಹೋಗಬಾರದು ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ನಿಷೇಧಕ್ಕೆ ಮುಂಚೆಯೂ ಹೇಳುತ್ತಿತ್ತು, ಈಗಲೂ ಹೇಳುತ್ತದೆ.

ಇನ್ನು ಖರ್ಚಿನ ವಿಷಯ. ದೊಡ್ಡ ಕಂಪನಿಗಳು ತಮ್ಮ ಹಳೆಯ ಹೆಸರು, ಹಳೆಯ ರುಚಿಗಳಲ್ಲೇ ಪಾಡ್ ಕಿಟ್ ಇಳಿಸಿವೆ. ಕೈಲಿ ಹಿಡಿದರೆ ವ್ಯತ್ಯಾಸವೇ ತಿಳಿಯದು. ಸುಲಭ ಎಂದರೆ ಪಾಡ್, ಅಗ್ಗ ಎಂದರೆ 10 ಮಿ.ಲೀ. ಬಾಟಲಿ. ಒಂದು ಬಾಟಲಿ ಐದು ಹಳೆಯ ವೇಪ್‌ಗಳಿಗೆ ಸಮ, ಏಕೆಂದರೆ ಅವುಗಳಲ್ಲಿ ಇರುತ್ತಿದ್ದುದು ತಲಾ 2 ಮಿ.ಲೀ. ಮಾತ್ರ. ಆದರೆ ಈ ಅಗ್ಗ ಹೀಗೇ ಉಳಿಯುವುದಿಲ್ಲ. 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿ.ಲೀ. ದ್ರವಕ್ಕೆ 2.20 ಪೌಂಡ್ ಸುಂಕ ಎಂದು ಘೋಷಿಸಿದ್ದಾರೆ. ಅದರ ಮೇಲೆ ಶೇ 20ರ ವ್ಯಾಟ್ ಸೇರಿದರೆ ಬಾಟಲಿಗೆ 2.64 ಪೌಂಡ್ ಹೆಚ್ಚುತ್ತದೆ. ಹಾಗೆಂದು ಮನೆಯಲ್ಲಿ ಬಾಟಲಿ ರಾಶಿ ಹಾಕಿಕೊಳ್ಳಿ ಎನ್ನಲಾರೆ. ಕೈಗೆ ಸಿಗುವಂತಿದ್ದರೆ ಸೇದುವುದೂ ಹೆಚ್ಚುತ್ತದೆ.

ವೇಪ್ ಬದಲಿಸುವಾಗ ನಿಕೋಟಿನ್ ಪ್ರಮಾಣವನ್ನೂ ಒಟ್ಟಿಗೇ ಇಳಿಸಲು ಹೋಗಬೇಡಿ. ಮೊದಲು ಹಳೆಯ ಪ್ರಮಾಣದಲ್ಲೇ ಒಗ್ಗಿಕೊಳ್ಳಿ. ಸಿಗರೇಟಿನ ಆಸೆ ಸುಳಿಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ವೇಪನ್ನೂ ಬಿಡುವ ಮನಸ್ಸಿದ್ದರೆ ನಿಮ್ಮ ಊರಿನ ಸ್ಟಾಪ್ ಸ್ಮೋಕಿಂಗ್ ಸೇವೆಯವರನ್ನು ಕಾಣಿ. ಅವರ ಸಲಹೆ ಉಚಿತ. ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳ ವಿಷಯವನ್ನೂ ಅವರೇ ತಿಳಿಸುತ್ತಾರೆ.

ಮಗ ಸೇದಿ ಬಿಟ್ಟ ಖಾಲಿ ವೇಪ್‌ಗಳಿಂದ ಒಂದು ಡ್ರಾಯರ್ ತುಂಬಿದೆ. ರೀಸೈಕ್ಲಿಂಗ್ ಬಿನ್ನಿಗೆ ಹಾಕಿದರೆ ಆಯಿತಲ್ಲ? — ಗೃಹಿಣಿ, ರೆಡಿಂಗ್

ಖಂಡಿತ ಬೇಡ, ಯಾವ ಬಿನ್ನಿಗೂ ಹಾಕಬೇಡಿ. ಲಾರಿಯಲ್ಲಿ ಕಸವನ್ನು ಒತ್ತುವಾಗ ಬ್ಯಾಟರಿ ಜಜ್ಜಿ ಹೊತ್ತಿಕೊಳ್ಳಬಹುದು. ಬ್ಯಾಟರಿಯನ್ನು ನೀವೇ ಬಿಚ್ಚಿ ತೆಗೆಯುವ ಸಾಹಸವೂ ಬೇಡ. ವೇಪ್ ಮಾರುವ ಅಂಗಡಿಗಳು ಹಳೆಯದನ್ನು ವಾಪಸ್ ಪಡೆಯಬೇಕೆಂದೇ ನಿಯಮವಿದೆ, ಕೌನ್ಸಿಲ್‌ನ ರೀಸೈಕ್ಲಿಂಗ್ ಕೇಂದ್ರಕ್ಕೂ ಕೊಡಬಹುದು.

ಮ್ಯಾಂಚೆಸ್ಟರ್‌ನಲ್ಲಿ ಓದುವ ನಮ್ಮ ಹುಡುಗ ರಜಕ್ಕೆ ಊರಿಗೆ ಬರುತ್ತಿದ್ದಾನೆ. ಅವನು ವೇಪ್ ಸೇದುತ್ತಾನೆಂದು ಈಚೆಗೆ ಗೊತ್ತಾಯಿತು. 'ಇದು ಅಲ್ಲಿ ಬ್ಯಾನ್ ಆದದ್ದಲ್ಲ, ರೀಫಿಲ್ ಮಾಡುವಂಥದ್ದು, ತರಬಹುದು' ಎನ್ನುತ್ತಿದ್ದಾನೆ. ಅವನ ಹತ್ತಿರ ಜಗಳವಾಡಲು ನನಗೆ ಇಷ್ಟವಿಲ್ಲ. ನಿಜ ಏನು ತಿಳಿಸಿ. — ನಿವೃತ್ತ ಉಪಾಧ್ಯಾಯರು, ದಾವಣಗೆರೆ

ಮೇಷ್ಟ್ರೇ, ಅಲ್ಲಿನ ಮಟ್ಟಿಗೆ ಹುಡುಗನ ಮಾತು ಸರಿ. ಇಲ್ಲಿ ಅದು ನಡೆಯುವುದಿಲ್ಲ. ನಮ್ಮದು ಕಸದ ಕಾನೂನಲ್ಲ, ಆರೋಗ್ಯದ ಹೆಸರಿನಲ್ಲೇ ಬಂದದ್ದು. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು, ಅದೇ ವರ್ಷ ಕಾಯ್ದೆಯೂ ಆಯಿತು. ಈ ಕಾಯ್ದೆಗೆ ಯೂಸ್ ಆ್ಯಂಡ್ ಥ್ರೋ, ರೀಫಿಲ್ ಎಂಬ ಭೇದವಿಲ್ಲ. ನಿಕೋಟಿನ್ ಇದೆಯೋ ಇಲ್ಲವೋ ಎಂದೂ ನೋಡುವುದಿಲ್ಲ. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ಆಮದಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೇದುವುದನ್ನೇ ಅಪರಾಧವೆಂದು ಕಾಯ್ದೆ ಹೆಸರಿಸಿಲ್ಲ ಎಂದು ಹುಡುಗ ವಾದ ಹೂಡಬಹುದು. ವಿಮಾನ ನಿಲ್ದಾಣದ ಕಸ್ಟಮ್ಸ್‌ನವರ ಮುಂದೆ ನಿಂತು ಹೂಡುವ ವಾದವಲ್ಲ ಅದು.

ಅದನ್ನು ರೂಮಿನಲ್ಲೇ ಬಿಟ್ಟು ಬರಲಿ. ಇಲ್ಲಿಗೆ ಬಂದ ಮೇಲೆ ಚಡಪಡಿಸಿ ಸಿಗರೇಟಿಗೆ ಕೈ ಹಾಕದಂತೆ ನೋಡಿಕೊಳ್ಳಿ. ನಿಕೋಟಿನ್ ಗಮ್ ನಮ್ಮ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ. ಅವನು ಬರುವ ಮುಂಚೆಯೇ ಡಾಕ್ಟರನ್ನು ಕೇಳಿ ಗಮ್‌ನ ಒಂದು ಸ್ಟ್ರಿಪ್ ತಂದಿಟ್ಟಿರಿ.