ಚೀಟಿಯ ಇನ್ನೊಂದು ಅಂಕಿ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಒಂದು ಸಂಜೆ ಗಾಬರಿಯಿಂದ ಬಂದರು. ಅವರ ಕೈಯಲ್ಲಿ ಮೂರು ವರ್ಷದ ಮಗಳ ರಕ್ತ ಪರೀಕ್ಷೆಯ ಚೀಟಿ ಇತ್ತು.

"ಪ್ಲೇಟ್‌ಲೆಟ್ 7 ಲಕ್ಷ ಅಂತ ಐತೆ. ನಾಲ್ಕೂವರೆ ಲಕ್ಷ ದಾಟಬಾರ್ದಂತೆ. ನನ್ ಕೂಸಿಗೆ ಏನಾಯ್ತು?" ಅಂದರು. ಓದು ಬಾರದೆ ಇದ್ದಿದ್ದರೆ ಈ ಹೆದರಿಕೆಯೂ ಇರುತ್ತಿರಲಿಲ್ಲ ಎಂದರು.

ಮಾರನೆಯ ದಿನ ನಾವೂ ಅವರ ಜೊತೆ ಡಾಕ್ಟರ ಹತ್ತಿರ ಹೋದೆವು.

ಕುಡುಗೋಲು ತಾಗಿದರೆ ರಕ್ತ ಸುರಿಯುತ್ತದೆ. ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಹಾಗೆ ನಿಲ್ಲಿಸುವ ಸಣ್ಣ ಕಣಗಳೇ ಪ್ಲೇಟ್‌ಲೆಟ್. ಸಾಸಿವೆ ಕಾಳಿನಷ್ಟು ರಕ್ತದಲ್ಲಿ ಇವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಡೆಂಗಿ ಜ್ವರದಲ್ಲಿ ಕಡಿಮೆಯಾಗುವುದು ನಮಗೆ ಗೊತ್ತು. ಹೆಚ್ಚಾಗುವುದೂ ಉಂಟು.

ಮಕ್ಕಳಲ್ಲಿ ಹೆಚ್ಚಾದರೆ ಬಹುಪಾಲು ಅದಕ್ಕೆ ಬೇರೆ ಕಾರಣ ಇರುತ್ತದೆ. ಜ್ವರ, ಕೆಮ್ಮು, ನ್ಯುಮೋನಿಯಾ ಬಂದು ಹೋದ ಮೇಲೆ ಏರುತ್ತದೆ. ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಅದಕ್ಕೇ ಡಾಕ್ಟರು ಮತ್ತೆ ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ಈ ಮಗುವಿಗೆ ಜ್ವರ ಬಂದಿರಲಿಲ್ಲ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು. ಒಳಗೆ ಬಿಳಿಚಿಕೊಂಡಿತ್ತು.

"ಏನಮ್ಮಾ, ಮಗು ಏನು ತಿನ್ನುತ್ತೆ?"

"ಊಟ ಸೇರಲ್ಲ ಸಾರ್. ಬರೀ ಹಾಲು. ಗೋಡೆ ಮಣ್ಣು ಕೆರೆದು ತಿಂತಾಳೆ."

ಡಾಕ್ಟರು ಚೀಟಿಯ ಮೇಲ್ಗಡೆ ಬೆರಳಿಟ್ಟರು. ಹಿಮೋಗ್ಲೋಬಿನ್ 7. ಈ ವಯಸ್ಸಿಗೆ 11 ಆದರೂ ಇರಬೇಕು. ದೊಡ್ಡ ಅಂಕಿ ನೋಡಿ ನಾವು ಬೆದರಿದ್ದೆವು, ಚಿಕ್ಕ ಅಂಕಿಯನ್ನು ಓದಿಯೇ ಇರಲಿಲ್ಲ! ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ಪ್ಲೇಟ್‌ಲೆಟ್ ಏರುತ್ತದೆ. ಡಾಕ್ಟರು ಅದನ್ನು ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಂಡು ಕಬ್ಬಿಣದ ಸಿರಪ್ ಬರೆದುಕೊಟ್ಟರು. ಅದನ್ನು ಹಾಲು, ಚಹಾ ಜೊತೆ ಕೊಡಬಾರದು. ಮಲ ಕಪ್ಪಗಾದರೆ ಹೆದರಬೇಕಿಲ್ಲ. ಸೊಪ್ಪು, ಕಾಳು, ಮೊಟ್ಟೆ ಕೊಡಬೇಕು. ಹಾಲು ಕಡಿಮೆ ಮಾಡಬೇಕು.

ಆದರೆ ಒಂದು ಕಾಯಿಲೆಗೆ ತಡ ಮಾಡಬಾರದು. ಐದು ದಿನವಾದರೂ ಜ್ವರ ಬಿಡದೆ ಕಣ್ಣು, ತುಟಿ, ನಾಲಿಗೆ ಕೆಂಪಾದರೆ, ಕೈಕಾಲು ಊದಿದರೆ ಅದು ಕವಾಸಾಕಿ ಕಾಯಿಲೆ ಇರಬಹುದು. ಅದರಲ್ಲಿ ಪ್ಲೇಟ್‌ಲೆಟ್ ಏರುವುದು ಎರಡನೇ ವಾರದ ಹೊತ್ತಿಗೆ. ಅಷ್ಟು ದಿನ ಕಾದರೆ ಹೃದಯದ ರಕ್ತನಾಳ ಕೆಡಬಹುದು. ಮೂಳೆಯೊಳಗಿನ ಮಜ್ಜೆಯ ರೋಗದಿಂದ ಏರುವುದು ಬಹಳ ಅಪರೂಪ. ಅಂಕಿ ಇಳಿಯದಿದ್ದರೆ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಿದರೆ ಡಾಕ್ಟರು ಅದನ್ನೂ ಪರೀಕ್ಷಿಸುತ್ತಾರೆ.

ಎರಡು ತಿಂಗಳ ಮೇಲೆ ಅಕ್ಕ ಹೊಸ ಚೀಟಿ ತಂದರು. ಹಿಮೋಗ್ಲೋಬಿನ್ 11, ಪ್ಲೇಟ್‌ಲೆಟ್ 4 ಲಕ್ಷ. ಎರಡನ್ನೂ ಅವರೇ ಓದಿ ಹೇಳಿದರು. ಸಿರಪ್ ಇನ್ನೂ ಕೆಲವು ತಿಂಗಳು ಕೊಡಬೇಕಂತೆ.