ಮುಧೋಳ ನಾಯಿಗೂ ಬೇಕು ಹೊರಗಿನ ಬೀಗತನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಓದುಗರ ಪ್ರಶ್ನೆಗಳಿಗೆ ಅಣುಜೀವವಿಜ್ಞಾನದ ಅಧ್ಯಾಪಕರ ಉತ್ತರ

ಪ್ರಶ್ನೆ: ಸರ್, ನಮ್ಮಲ್ಲಿ ಎರಡು ವರ್ಷದ ಮುಧೋಳ ಹೆಣ್ಣುನಾಯಿ ಇದೆ. ಅದರ ಸ್ವಂತ ಅಣ್ಣನ ಜೊತೆಗೇ ಕ್ರಾಸ್ ಮಾಡಿಸಿದರೆ ತಳಿ ಶುದ್ಧ ಉಳಿಯುತ್ತದೆ, ಮರಿಗೆ ರೇಟೂ ಬರುತ್ತದೆ ಅಂತ ನಾಯಿ ಮಾರುವವರು ಹೇಳುತ್ತಾರೆ. ಮಾಡಿಸಬಹುದೇ?
– ಓದುಗರು, ಲೋಕಾಪುರ

ಉತ್ತರ: ಬೇಡ. ಮಾರುವವರಿಗೆ ಮರಿಯ ರೇಟಷ್ಟೇ ಕಾಣುತ್ತದೆ, ಮುಂದೆ ಅದನ್ನು ಸಾಕುವವರ ಕಷ್ಟ ಕಾಣುವುದಿಲ್ಲ.

ಪ್ರತಿ ಜೀನಿಗೂ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಸಾಮಾನ್ಯವಾಗಿ ಇನ್ನೊಂದು ಕೆಲಸ ಸಾಗಿಸುತ್ತದೆ. ಅಣ್ಣ-ತಂಗಿ ಕೂಡಿದರೆ ಯಾವ ಜೀನನ್ನೇ ನೋಡಿ, ಮರಿಯಲ್ಲಿ ಎರಡೂ ಪ್ರತಿ ಒಂದೇ ಮೂಲದ್ದಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮೂಲದಲ್ಲಿ ದೋಷವಿದ್ದರೆ ಅದನ್ನು ಮುಚ್ಚುವ ಒಳ್ಳೆಯ ಪ್ರತಿಯೇ ಇರುವುದಿಲ್ಲ.

ಇಂಗ್ಲೆಂಡಿನ ವಿಪ್ಪೆಟ್ ನಾಯಿ ನಿಮ್ಮ ನಾಯಿಯ ಹಾಗೆಯೇ ಸಣ್ಣ ನಡುವಿನ ಓಟಗಾರ. 2007ರಲ್ಲಿ ಅದರ ಮಯೋಸ್ಟಾಟಿನ್ ಜೀನಿನಲ್ಲಿ ಒಂದು ವಿಚಿತ್ರ ಸಿಕ್ಕಿತು. ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುವ ಜೀನ್ ಇದು. ಕೆಲವು ವಿಪ್ಪೆಟ್‌ಗಳಲ್ಲಿ ಇದರ ಡಿಎನ್ಎಯ ಎರಡೇ ಎರಡು ಅಕ್ಷರ ಬಿಟ್ಟುಹೋಗಿವೆ. ಕೆಟ್ಟ ಪ್ರತಿ ಒಂದೇ ಇದ್ದ ನಾಯಿಗಳು ರೇಸಿನಲ್ಲಿ ಮುಂದು. ಎರಡೂ ಕೆಟ್ಟಿದ್ದರೆ ಕುತ್ತಿಗೆ, ಭುಜ, ತೊಡೆ ಎಲ್ಲ ಉಬ್ಬಿಕೊಂಡು, ನೋಡಿದವರು ವಿಪ್ಪೆಟ್ ಎಂದು ಒಪ್ಪದಂಥ ಮೈ. ಅಂದರೆ ಈ ಪ್ರತಿ ಒಂದೊಂದಿರುವ ಎರಡು ವೇಗದ ನಾಯಿಗಳನ್ನು ಕೂಡಿಸಿದಾಗ ನಾಲ್ಕರಲ್ಲಿ ಒಂದು ಮರಿ ಹೀಗಾಗುವ ಸಂಭವ. ಮುಧೋಳದಲ್ಲೂ ಇದೇ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಮಾತ್ರ ಎಲ್ಲ ನಾಯಿಗೂ ಒಂದೇ.

ನಿಮ್ಮ ಊರಿನ ಹತ್ತಿರವೇ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿ ವಿಚಾರಿಸಿ, ಬೇರೆ ವಂಶದ ಗಂಡು ಹುಡುಕಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಆಮೇಲೆ ಸೈನ್ಯದವರೆಗೂ ಹೋದ ತಳಿಗೆ ಈ ‘ಶುದ್ಧ’ದ ಅವಸರವೇ ಶತ್ರು.

ನೀವು ಕೇಳದ ಇನ್ನೊಂದು ಮಾತು. ಗ್ರೇಹೌಂಡ್‌ಗಳಿಗೆ ಕೆಲವು ಅರಿವಳಿಕೆ ಔಷಧ ಕೊಟ್ಟರೆ ಎಚ್ಚರವಾಗುವುದು ಬಹಳ ತಡ. ಔಷಧವನ್ನು ಕರಗಿಸುವ ಒಂದು ಜೀನಿನ ವ್ಯತ್ಯಾಸವೂ ಇದಕ್ಕೆ ಕಾರಣ ಎಂದು 2020ರಲ್ಲಿ ತೋರಿಸಿದರು. ಮುಧೋಳವೂ ಅದೇ ಬಗೆಯ ಓಟದ ನಾಯಿ, ಹಾಗಾಗಿ ಆಪರೇಷನ್ ಇದ್ದಾಗ ಡಾಕ್ಟರಿಗೆ ಇದು ಮುಧೋಳ ಎಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ನನ್ನ ತಮ್ಮನಿಗೆ ಅಕ್ಕನ ಮಗಳನ್ನೇ ತಂದುಕೊಳ್ಳುವ ಮಾತು ನಡೆದಿದೆ. ನಮ್ಮ ಮನೆತನದಲ್ಲಿ ಹಿಂದಿನಿಂದ ಹೀಗೇ ಆಗಿದೆ, ಮಕ್ಕಳೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಆದರೂ ಹೆದರಬೇಕೇ?
– ಓದುಗರು, ಜಮಖಂಡಿ

ಉತ್ತರ: ಮೇಲಿನ ಲೆಕ್ಕವೇ ಇಲ್ಲಿಯೂ. ಸೋದರಮಾವನನ್ನು ಮದುವೆಯಾದರೆ ಆ ಸಾಧ್ಯತೆ ಎಂಟರಲ್ಲಿ ಒಂದು, ಮಾವನ ಮಗನಾದರೆ ಹದಿನಾರರಲ್ಲಿ ಒಂದು. ಇದು ರೋಗದ ಲೆಕ್ಕವಲ್ಲ, ಒಂದೇ ಮೂಲದ ಪ್ರತಿಗಳು ಸೇರುವ ಲೆಕ್ಕ. ಇಂಥ ಮದುವೆಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ, ನಿಜ. ಆದರೆ ತಲೆತಲಾಂತರದಿಂದ ಹೀಗೇ ನಡೆದಿದ್ದರೆ ಸಾಧ್ಯತೆ ಇನ್ನೂ ಏರುತ್ತದೆ. ಮನೆತನದಲ್ಲಿ ಹುಟ್ಟುಕಿವುಡು, ಥಲಸ್ಸೇಮಿಯಾ, ಕಾರಣ ತಿಳಿಯದೆ ತೀರಿಕೊಂಡ ಕೂಸು ಇದ್ದರೆ ನಿಶ್ಚಯಕ್ಕೆ ಮೊದಲೇ ವಂಶವಾಹಿ ಸಲಹಾ ಕೇಂದ್ರಕ್ಕೆ ಹೋಗಿ. ಹುಡುಗಿಗೆ ಮನಸ್ಸಿದೆಯೇ ಎಂದು ಕೇಳುವುದನ್ನಂತೂ ಮರೆಯಬೇಡಿ.

ಪ್ರಶ್ನೆ: ಜೀನ್ ತಿದ್ದಿದ ಕಬ್ಬಿನ ಬೀಜ ಬಂದಿದೆ, ಒಂದು ಕಣ್ಣಿಗೆ ಇಷ್ಟು ರೂಪಾಯಿ ಅಂತ ಒಬ್ಬರು ಹಳ್ಳಿ ಹಳ್ಳಿ ತಿರುಗುತ್ತಿದ್ದಾರೆ. ನಂಬಬಹುದೇ?
– ರೈತರು, ಬೀಳಗಿ

ಉತ್ತರ: ದುಡ್ಡು ಕೊಡಬೇಡಿ. 2025ರ ಮೇ 4ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಜೀನ್ ತಿದ್ದಿದ ಮೊದಲ ಎರಡು ತಳಿಗಳೂ ಭತ್ತದವು. ಅದರಲ್ಲಿ ‘ಡಿಆರ್‌ಆರ್ ಧಾನ್ 100’ ನಮಗೆ ಗೊತ್ತಿರುವ ಸಾಂಬಾ ಮಸೂರಿಯಿಂದಲೇ ಬಂದದ್ದು.

ಕಬ್ಬು ಅಷ್ಟು ಸುಲಭವಲ್ಲ. ಭತ್ತದಲ್ಲಿ ವರ್ಣತಂತುಗಳು 24, ಕಬ್ಬಿನಲ್ಲಿ ನೂರಕ್ಕೂ ಮೇಲೆ. ಒಂದೊಂದು ಜೀನಿಗೆ ಹತ್ತರ ಆಸುಪಾಸು ಪ್ರತಿಗಳು. ಒಂದನ್ನು ತಿದ್ದಿದರೆ ಉಳಿದವು ಹಳೆಯ ಕೆಲಸವನ್ನೇ ಮುಂದುವರಿಸುತ್ತವೆ. ಈ ಗೋಜಲಿನಿಂದಾಗಿಯೇ ಭತ್ತದ ಜೀನೋಮ್ 2005ರಲ್ಲಿ ಓದಿ ಮುಗಿದರೂ ‘ಆರ್570’ ಎಂಬ ಕಬ್ಬಿನದು ವಿವರವಾಗಿ ಹೊರಬಂದದ್ದು 2024ರಲ್ಲಿ. ಕಂದು ತುಕ್ಕು ರೋಗ ತಡೆಯುವ ಜೀನುಗಳ ಜಾಗ ಅದರಲ್ಲಿ ಸಿಕ್ಕಿದೆ. ಅದು ದೊಡ್ಡ ಸುದ್ದಿಯೇ, ಆದರೆ ನಿಮ್ಮ ಹೊಲಕ್ಕೆ ಬರಲು ಕಾಲ ಬೇಕು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ‘86032’ ಎಂಬ ಕಬ್ಬಿನ ತಳಿ ಎಲ್ಲರ ಹೊಲದಲ್ಲೂ ತುಂಡಿನಿಂದಲೇ ಹಬ್ಬಿದ ಕಾರಣ, ಆ ಗದ್ದೆಗಳೆಲ್ಲ ವಂಶದ ಲೆಕ್ಕದಲ್ಲಿ ಒಂದೇ ಗಿಡ. ಅದಕ್ಕೆ ತಾಗುವ ರೋಗ ಬಂದರೆ ತಪ್ಪಿಸಿಕೊಳ್ಳುವ ಗದ್ದೆ ಇರುವುದಿಲ್ಲ. ಉತ್ತರ ಪ್ರದೇಶದಲ್ಲಿ ‘0238’ ಎಂಬ ಒಂದೇ ತಳಿಯನ್ನು ನಂಬಿದವರು ಕೆಂಪು ಕೊಳೆ ರೋಗಕ್ಕೆ ಸಿಕ್ಕಿದರು. ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಕೇಳಿ, ಎರಡು-ಮೂರು ತಳಿ ಬೆಳೆಯಿರಿ.

ಪ್ರಶ್ನೆ: ನಾನು ಪವರ್‌ಲೂಮ್ ನೇಕಾರ, ವಾರ ಬಿಟ್ಟು ವಾರ ರಾತ್ರಿ ಪಾಳಿ. ಹಗಲು ನಿದ್ದೆ ಬರುವುದಿಲ್ಲ. ನೊಣದ ನಿದ್ದೆಗೆ ನೊಬೆಲ್ ಕೊಟ್ಟಿದ್ದಾರೆ ಎಂದು ಮಗಳು ಹೇಳಿದಳು. ನೊಣದಿಂದ ನಮಗೇನು ಲಾಭ?
– ನೇಕಾರರು, ಬನಹಟ್ಟಿ

ಉತ್ತರ: ಮಗಳು ಹೇಳಿದ್ದು ಹೆಚ್ಚುಕಡಿಮೆ ಸರಿ. ಅದು ನಿದ್ದೆಗಿಂತ ಮೈಯೊಳಗಿನ ಗಡಿಯಾರಕ್ಕೆ, 2017ರಲ್ಲಿ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ ಬಂದದ್ದು. ಮಾಗಿದ ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ನೊಣವೇ ಅದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಥ ನೊಣಗಳ ತಳಿಗಳನ್ನು ಬಾಟಲಿಗಳಲ್ಲಿ ಸಾಕುತ್ತಾರೆ. ಅವುಗಳ ಊಟ ರವೆ ಮತ್ತು ಬೆಲ್ಲ ಕುದಿಸಿ, ಗಟ್ಟಿಯಾಗಲು ಅಗರ್, ಬೂಷ್ಟು ಹಿಡಿಯದಂತೆ ಒಂದಿಷ್ಟು ಆಮ್ಲ ಸೇರಿಸಿದ್ದು. ಆ ಎರಡನ್ನು ಬಿಟ್ಟರೆ ನಮ್ಮ ಮನೆಯ ಸಜ್ಜಕ!

1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಎಂಬವರಿಗೆ ಮೂರು ಬಗೆಯ ನೊಣ ಸಿಕ್ಕವು. ಒಂದರ ದಿನ 19 ಗಂಟೆ, ಇನ್ನೊಂದರದು 28, ಮೂರನೆಯದಕ್ಕೆ ಹೊತ್ತುಗೊತ್ತೇ ಇಲ್ಲ. ಮೂರಕ್ಕೂ ಕಾರಣ ‘ಪೀರಿಯಡ್’ ಎಂಬ ಒಂದೇ ಜೀನ್. ನೊಬೆಲ್ ಪಡೆದ ಮೂವರ ಕೆಲಸ ಬೆಳೆದದ್ದು ಇದರಿಂದಲೇ. ಮುಂದೆ 2001ರಲ್ಲಿ, ಸಂಜೆಯಾಗುತ್ತಲೇ ಮಲಗಿ ನಸುಕಿಗೆ ಮೊದಲೇ ಏಳುವ ಒಂದು ಮನೆತನವನ್ನು ಪರೀಕ್ಷಿಸಿದಾಗ ಅದೇ ಜೀನಿನ ಮನುಷ್ಯ ರೂಪದಲ್ಲಿ ದೋಷ ಕಂಡಿತು. ನಿಮ್ಮ ಹಗಲು ನಿದ್ದೆ ಕೆಡುವುದು ಆಲಸ್ಯದಿಂದಲೂ ಅಲ್ಲ, ಚಿಂತೆಯೊಂದರಿಂದಲೂ ಅಲ್ಲ. ಈ ಗಡಿಯಾರ ಬೆಳಕನ್ನು ನೋಡಿ ನಡೆಯುತ್ತದೆ, ವಾರಕ್ಕೊಮ್ಮೆ ಬದಲಾಗುವ ಪಾಳಿಗೆ ಹೊಂದಿಕೊಳ್ಳಲು ಅದಕ್ಕೆ ಪುರಸೊತ್ತೇ ಸಿಗುವುದಿಲ್ಲ.

ಪಾಳಿ ಬೇಗ ಬೇಗ ಬದಲಾಗದಂತೆ ಮಾಲೀಕರನ್ನು ಕೇಳಿನೋಡಿ. ಪಾಳಿಯ ಕೊನೆಯ ಹೊತ್ತಿನಲ್ಲಿ ಚಹಾ ಬಿಡಿ. ಮನೆಗೆ ಬಂದ ಮೇಲೆ ಕಿಟಕಿಗೆ ದಪ್ಪ ಕೌದಿ ಇಳಿಬಿಟ್ಟು ಕತ್ತಲಲ್ಲಿ ಮಲಗಿ. ಅಷ್ಟಾದರೂ ನಿದ್ದೆ ಹತ್ತದಿದ್ದರೆ ಗುಳಿಗೆಯನ್ನು ನೀವೇ ಕೊಳ್ಳಬೇಡಿ, ವೈದ್ಯರಿಗೆ ತೋರಿಸಿ.